ಬಿಸ್ಕತ್ತಿನ ಡಬ್ಬಿಯಲ್ಲಿ ಬಂದ ಅಮೆರಿಕದ ಹಳೆಯ ನಾಣ್ಯಗಳು: ಬೆಳ್ಳಿ ಎಷ್ಟು, ಬೆಲೆ ಎಷ್ಟು?

ಪ್ರಶ್ನೆ: ನಾವು ಒಂಬತ್ತು ವರ್ಷಗಳಿಂದ ಅಮೆರಿಕದ ಓಹಾಯೋ ರಾಜ್ಯದಲ್ಲಿದ್ದೇವೆ. ಪಕ್ಕದ ಮನೆಯ ಹಿರಿಯರೊಬ್ಬರು ನಮ್ಮ ಮಗಳನ್ನು ಮೊಮ್ಮಗಳಂತೆ ಪ್ರೀತಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಮಗ ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟು, ‘ಇದು ಮಗುವಿಗೆ ಸೇರಬೇಕೆಂದು ಅಪ್ಪ ಹೇಳಿದ್ದರು’ ಎಂದರು. ಒಳಗೆ ಮೂರು ದೊಡ್ಡ ಡಾಲರ್‌ಗಳಿವೆ: 1881ರದು (ಹಿಂಬದಿಯಲ್ಲಿ ಸಣ್ಣ ‘ಎಸ್’ ಅಕ್ಷರವಿದೆ), 1921ರದು, 1922ರದು. ಕೆನಡಿಯವರ ಮುಖವಿರುವ 1964 ಮತ್ತು 1967ರ ಎರಡು ಅರ್ಧ ಡಾಲರ್‌ಗಳು, 1941ರಿಂದ 1976ರವರೆಗಿನ ಹನ್ನೊಂದು ಕಾಲು ಡಾಲರ್‌ಗಳು, ಅಂದರೆ ಕ್ವಾರ್ಟರ್‌ಗಳು, 1943ರ, ಐದು ಸೆಂಟಿನ ಮೂರು ನಿಕಲ್‌ಗಳು, ಬೂದುಬಣ್ಣದ ಒಂದು 1943ರ ಸೆಂಟ್, ಒಂದು ಸೀಸೆ ತುಂಬ ಗೋಧಿತೆನೆಯ ಚಿತ್ರದ ತಾಮ್ರದ ಸೆಂಟ್‌ಗಳು, ‘ಟ್ರೇಡ್ ಡಾಲರ್’ ಎಂದು ಬರೆದಿರುವ ಒಂದು ನಾಣ್ಯ, ಸರದ ಪದಕದಲ್ಲಿ ಕೂರಿಸಿದ 1911ರ ಒಂದು ಪುಟ್ಟ ಚಿನ್ನದ ನಾಣ್ಯ. ದಾವಣಗೆರೆಯಿಂದ ಬಂದಿರುವ ನಮ್ಮ ಅತ್ತೆಯವರು ಕಪ್ಪಾಗಿದ್ದ ಎರಡನ್ನು, 1922ರ ಡಾಲರ್ ಮತ್ತು 1964ರ ಅರ್ಧ ಡಾಲರನ್ನು, ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತೊಳೆದಿದ್ದಾರೆ. ಉಳಿದವನ್ನೂ ತೊಳೆಯಬಹುದೇ? ಇವುಗಳಲ್ಲಿ ನಿಜವಾಗಿ ಬೆಲೆಬಾಳುವುದು ಯಾವುದು?

ಉತ್ತರ: ಮೊದಲು ಹುಣಸೆಹಣ್ಣಿನ ಮಾತು. ದಯವಿಟ್ಟು ಇನ್ನೊಂದು ನಾಣ್ಯವನ್ನೂ ತೊಳೆಯಬೇಡಿ. ನೀರಿನಲ್ಲಿ ಅದ್ದಿ ಬಟ್ಟೆಯಿಂದ ಒರೆಸುವುದೂ ಬೇಡ. ಅತ್ತೆಯವರನ್ನು ನೋಯಿಸಬೇಡಿ, ಅವರು ಮಾಡಿದ್ದು ನಮ್ಮ ಮನೆಗಳಲ್ಲಿ ದೀಪದ ಕಂಬಕ್ಕೂ ತಾಮ್ರದ ತಂಬಿಗೆಗೂ ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸ. ಪಾತ್ರೆಗೆ ಅದು ಸರಿಯಾದ ಉಪಚಾರ. ನಾಣ್ಯಕ್ಕೆ ಮಾತ್ರ ಅದು ತಿರುಗಿ ಸರಿಪಡಿಸಲಾಗದ ಗಾಯ.

ಕಾರಣವನ್ನು ನೀವೇ ಕಣ್ಣಾರೆ ನೋಡಬಹುದು. 1881ರ ಡಾಲರನ್ನು ಅಂಚಿನಲ್ಲಷ್ಟೇ ಹಿಡಿದು ಒಂದೇ ದೀಪದ ಕೆಳಗೆ ಮೆಲ್ಲಗೆ ಓರೆಮಾಡಿ. ನಾಣ್ಯ ಹೆಚ್ಚು ಕೈ ಬದಲಾಗಿರದಿದ್ದರೆ ಅದರ ಮೇಲೆ ಬೆಳಕಿನ ಪಟ್ಟಿಗಳು ನಡುವಿನಿಂದ ಅಂಚಿನವರೆಗೆ ಚಾಚಿಕೊಂಡು, ನೀವು ತಿರುಗಿಸಿದಂತೆ ಬಂಡಿಯ ಗಾಲಿಯ ಅರೆಗಳಂತೆ ಸುತ್ತುತ್ತವೆ. ಅಮೆರಿಕದ ಸಂಗ್ರಾಹಕರು ಇದನ್ನು ಗಾಲಿಯ ಹೊಳಪು ಎಂದೇ ಕರೆಯುತ್ತಾರೆ. ಟಂಕಸಾಲೆಯಲ್ಲಿ ಉಕ್ಕಿನ ಅಚ್ಚು ಬೆಳ್ಳಿಯ ಬಿಲ್ಲೆಯ ಮೇಲೆ ಬಲವಾಗಿ ಬಿದ್ದಾಗ ಲೋಹ ನಡುವಿನಿಂದ ಹೊರಕ್ಕೆ ಸರಿಯುತ್ತದೆ. ಹಾಗೆ ಸರಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೇಲ್ಮೈಯಲ್ಲಿ ಉಳಿದುಬಿಡುತ್ತವೆ. ಆ ಗೆರೆಗಳಿಂದಲೇ ಈ ಹೊಳಪು. ಹುಣಸೆಯ ಹುಳಿ ಕಪ್ಪನ್ನು ತೆಗೆಯುವಾಗ ಮೇಲ್ಪದರವನ್ನೂ ಕೊರೆಯುತ್ತದೆ, ನಾರು ಮತ್ತು ಬೆರಳಿನ ಉಜ್ಜುವಿಕೆ ಆ ಗೆರೆಗಳನ್ನು ಅಳಿಸುತ್ತದೆ. ಈಗ 1922ರ ಡಾಲರನ್ನು ಅದೇ ದೀಪದ ಕೆಳಗೆ ಹಿಡಿಯಿರಿ. ಹೊಳೆಯುತ್ತದೆ ನಿಜ, ಆದರೆ ಅದು ಸ್ಟೀಲ್ ಲೋಟದ ಹೊಳಪು. ಬೆಳಕು ನಿಂತಲ್ಲೇ ನಿಂತಿರುತ್ತದೆ, ಸುತ್ತುವುದಿಲ್ಲ. ವ್ಯಾಪಾರಿ ಮೂರು ಸೆಕೆಂಡಿನಲ್ಲಿ ಇದನ್ನು ಗುರುತಿಸಿ ಕೆಳಗಿಡುತ್ತಾನೆ.

ಸಮಾಧಾನದ ಸಂಗತಿಯೊಂದಿದೆ. ಅತ್ತೆಯವರು ಆರಿಸಿಕೊಂಡ ಎರಡೂ ನಾಣ್ಯಗಳು ಬಲು ಸಾಮಾನ್ಯವಾದವು. 1922ರಲ್ಲಿ ಫಿಲಡೆಲ್ಫಿಯದ ಟಂಕಸಾಲೆಯೊಂದರಲ್ಲೇ ಅಂಥ 5 ಕೋಟಿ 17 ಲಕ್ಷ ಡಾಲರ್‌ಗಳು ತಯಾರಾದವು. (ನಿಮ್ಮದರ ಹಿಂಬದಿಯಲ್ಲಿ ‘ಒನ್’ ಎಂಬ ಪದದ ಕೆಳಗೆ ಟಂಕಸಾಲೆಯನ್ನು ಸೂಚಿಸುವ ಯಾವ ಅಕ್ಷರವೂ ಇಲ್ಲದಿದ್ದರೆ ಅದು ಫಿಲಡೆಲ್ಫಿಯದ್ದು.) ತೊಳೆದದ್ದರಿಂದ ಸಂಗ್ರಾಹಕರು ಕೊಡಬಹುದಾಗಿದ್ದ ಅಷ್ಟಿಷ್ಟು ಹೆಚ್ಚುವರಿ ಹೋಯಿತು, ಬೆಳ್ಳಿ ಎಲ್ಲಿಗೂ ಹೋಗಿಲ್ಲ.

ಹಳೆಯ ನಾಣ್ಯಕ್ಕೆ ಎರಡು ಬೆಲೆಗಳಿರುತ್ತವೆ. ಒಂದು ಲೋಹದ ಬೆಲೆ. ಅದು ನೆಲವಿದ್ದಂತೆ, ಅದಕ್ಕಿಂತ ಕೆಳಗೆ ಬೀಳುವುದಿಲ್ಲ. ತೂಕದ ಯಂತ್ರವೂ ಗುಣಾಕಾರವೂ ಗೊತ್ತಿದ್ದರೆ ಯಾರನ್ನೂ ಕೇಳದೆ ನೀವೇ ಲೆಕ್ಕ ಹಾಕಬಹುದು. ಇನ್ನೊಂದು ಸಂಗ್ರಾಹಕರ ಬೆಲೆ. ಇದು ಎಷ್ಟು ನಾಣ್ಯಗಳು ಇಂದು ಉಳಿದಿವೆ, ಎಂಥ ಸ್ಥಿತಿಯಲ್ಲಿ ಉಳಿದಿವೆ, ಎಷ್ಟು ಜನರಿಗೆ ಅದು ಬೇಕು ಎಂಬುದರ ಮೇಲೆ ನಿಂತಿದೆ. ನಾಣ್ಯ ಎಷ್ಟು ಹಳೆಯದು ಎಂಬುದಕ್ಕೆ ಇದರಲ್ಲಿ ಬಹಳ ಚಿಕ್ಕ ಪಾತ್ರವಿದೆ. ಈ ಕೊನೆಯ ಮಾತನ್ನು ಜನ ನಂಬುವುದೇ ಇಲ್ಲ. ‘ನೂರು ವರ್ಷದ್ದು ಸಾರ್’ ಎಂದು ನನಗೆ ಬರುವ ಪತ್ರಗಳಿಗೆ ಲೆಕ್ಕವಿಲ್ಲ.

ಲೋಹದ ಲೆಕ್ಕ ನೋಡೋಣ. 1837ರಿಂದ ಅಮೆರಿಕದ ಬೆಳ್ಳಿ ನಾಣ್ಯಗಳಲ್ಲಿ ನೂರಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ. ಚೊಕ್ಕ ಬೆಳ್ಳಿ ಮೆದು, ಬೇಗ ಸವೆಯುತ್ತದೆ. ಗಟ್ಟಿಯಾಗಲೆಂದು ತಾಮ್ರ ಬೆರೆಸುತ್ತಿದ್ದರು. ದೊಡ್ಡ ಡಾಲರ್ 26.73 ಗ್ರಾಂ ತೂಗುತ್ತದೆ, ಅದರಲ್ಲಿ ಚೊಕ್ಕ ಬೆಳ್ಳಿ 24.06 ಗ್ರಾಂ, ಅಂದರೆ 0.7734 ಟ್ರಾಯ್ ಔನ್ಸ್. ಬೆಳ್ಳಿಯ ಅಂತರರಾಷ್ಟ್ರೀಯ ದರ ಟ್ರಾಯ್ ಔನ್ಸಿನಲ್ಲೇ ಇರುತ್ತದೆ, ಒಂದು ಟ್ರಾಯ್ ಔನ್ಸ್ ಎಂದರೆ 31.1 ಗ್ರಾಂ. ಅರ್ಧ ಡಾಲರ್ 12.5 ಗ್ರಾಂ, ಬೆಳ್ಳಿ 0.3617 ಔನ್ಸ್. ಕ್ವಾರ್ಟರ್ 6.25 ಗ್ರಾಂ, ಬೆಳ್ಳಿ 0.1808 ಔನ್ಸ್. ಹತ್ತು ಸೆಂಟಿನ ಡೈಮ್ 2.5 ಗ್ರಾಂ, ಬೆಳ್ಳಿ 0.0723 ಔನ್ಸ್. ಆ ದಿನದ ದರದಿಂದ ಇದನ್ನು ಗುಣಿಸಿದರೆ ಮುಗಿಯಿತು. ಲೆಕ್ಕಕ್ಕೆ ಸುಲಭವಾಗಲೆಂದು ಔನ್ಸಿಗೆ 50 ಡಾಲರ್ ಎಂದಿಟ್ಟುಕೊಂಡರೆ ದೊಡ್ಡ ಡಾಲರಿನ ಬೆಳ್ಳಿಗೆ ಸುಮಾರು 38 ಡಾಲರ್ 67 ಸೆಂಟ್, ಕ್ವಾರ್ಟರಿಗೆ ಸುಮಾರು 9 ಡಾಲರ್.

ಸಣ್ಣ ನಾಣ್ಯಗಳಲ್ಲಿ ನೆನಪಿಡಬೇಕಾದ ವರ್ಷ 1964. 1960ರ ದಶಕದಲ್ಲಿ ಬೆಳ್ಳಿಯ ದರ ಔನ್ಸಿಗೆ 1 ಡಾಲರ್ 29 ಸೆಂಟ್ ಮುಟ್ಟಿತು. ಆ ದರದಲ್ಲಿ ಒಂದು ಡಾಲರ್ ನಾಣ್ಯದೊಳಗಿನ ಬೆಳ್ಳಿಯ ಬೆಲೆ ಸರಿಯಾಗಿ ಒಂದು ಡಾಲರ್. ದರ 1 ಡಾಲರ್ 38 ಸೆಂಟ್ ದಾಟಿದರೆ ಕ್ವಾರ್ಟರ್, ಡೈಮ್‌ಗಳೂ ಮುಖಬೆಲೆಗಿಂತ ಹೆಚ್ಚು ಬಾಳುತ್ತಿದ್ದವು. ಜನ ನಾಣ್ಯಗಳನ್ನು ತೆಗೆದಿಡತೊಡಗಿದರು, ಅಂಗಡಿಗಳಲ್ಲಿ ಚಿಲ್ಲರೆಯ ಬರ ಬಂತು. ಅಧ್ಯಕ್ಷ ಜಾನ್ಸನ್ 1965ರ ಜುಲೈ 23ರಂದು ಹೊಸ ನಾಣ್ಯ ಕಾಯ್ದೆಗೆ ಸಹಿ ಹಾಕಿದರು. ಡೈಮ್ ಮತ್ತು ಕ್ವಾರ್ಟರ್‌ಗಳಿಂದ ಬೆಳ್ಳಿ ಪೂರ್ತಿ ಮಾಯವಾಯಿತು. ನಡುವೆ ತಾಮ್ರ, ಎರಡೂ ಬದಿಗೆ ತಾಮ್ರ-ನಿಕ್ಕಲ್ ಮಿಶ್ರಣದ ಹೊದಿಕೆ ಬಂತು. ಅರ್ಧ ಡಾಲರಿನಲ್ಲಿ 1970ರವರೆಗೆ ನೂರಕ್ಕೆ 40 ಪಾಲು ಬೆಳ್ಳಿ ಉಳಿಯಿತು. ನಿಮ್ಮ 1967ರ ಅರ್ಧ ಡಾಲರ್ ಈ ಗುಂಪಿನದು: ತೂಕ 11.5 ಗ್ರಾಂ, ಬೆಳ್ಳಿ 0.1479 ಔನ್ಸ್.

ನಿಮ್ಮ ಹನ್ನೊಂದು ಕ್ವಾರ್ಟರ್‌ಗಳನ್ನು ಇಸವಿ ಓದದೆಯೇ ಬೇರ್ಪಡಿಸುವ ವಿಧಾನವಿದೆ, ಮಗಳ ಕೈಯಲ್ಲೇ ಮಾಡಿಸಿ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ಪಕ್ಕದಿಂದ ನೋಡಲಿ. ಬೆಳ್ಳಿಯ ನಾಣ್ಯದ ಅಂಚು ಪೂರ್ತಿ ಬಿಳಿ. 1965ರಿಂದ ಈಚಿನವುಗಳ ಅಂಚಿನಲ್ಲಿ ಕಂದು ತಾಮ್ರದ ಗೆರೆ ಎದ್ದು ಕಾಣುತ್ತದೆ. ಒಂದೊಂದಾಗಿ ಮರದ ಮೇಜಿನ ಮೇಲೆ ಬೀಳಿಸಿದರೆ ಸದ್ದಿನಲ್ಲೂ ವ್ಯತ್ಯಾಸ ತಿಳಿಯುತ್ತದೆ: ಬೆಳ್ಳಿಯ ದನಿ ಸಣ್ಣ ಗಂಟೆಯಂತೆ ಎಳೆದುಕೊಂಡು ಹೋಗುತ್ತದೆ, ಹೊದಿಕೆಯದು ಟಪ್ಪೆಂದು ನಿಲ್ಲುತ್ತದೆ. (ಬೀಳಿಸುವ ಪ್ರಯೋಗ ಕ್ವಾರ್ಟರ್‌ಗಳಿಗೆ ಮಾತ್ರ, ಡಾಲರ್‌ಗಳಿಗೆ ಬೇಡ.) 1776–1976 ಎಂದು ಎರಡು ಇಸವಿಗಳಿರುವ ಕ್ವಾರ್ಟರ್ ದೇಶದ ಇನ್ನೂರನೆಯ ವರ್ಷದ ನೆನಪಿಗೆ ಬಂದದ್ದು. ಅದನ್ನು ಅಪರೂಪವೆಂದು ಮೊಬೈಲಿನಲ್ಲಿ ಮಾರುವವರು ಬಹಳ. ಚಲಾವಣೆಗೆ ಬಂದವುಗಳಲ್ಲಿ ಬೆಳ್ಳಿಯಿಲ್ಲ, ಕೋಟಿಗಟ್ಟಲೆ ಇವೆ, ಅದರ ಬೆಲೆ ಕಾಲು ಡಾಲರ್. ಆ ವರ್ಷದ ಬೆಳ್ಳಿಯ ಆವೃತ್ತಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸಂಗ್ರಾಹಕರಿಗಾಗಿಯೇ ‘ಎಸ್’ ಗುರುತಿನೊಂದಿಗೆ ಹೊರಬಿತ್ತು.

ಎರಡನೇ ಮಹಾಯುದ್ಧದ ನಾಣ್ಯಗಳು ನಿಮ್ಮ ಡಬ್ಬಿಯಲ್ಲಿವೆ, ಅವು ನನಗೆ ಬಹಳ ಪ್ರಿಯ. ನಿಕಲ್ ಎಂಬ ಐದು ಸೆಂಟಿನ ನಾಣ್ಯದಲ್ಲಿ ಸಾಮಾನ್ಯವಾಗಿ 75 ಪಾಲು ತಾಮ್ರ, 25 ಪಾಲು ನಿಕ್ಕಲ್ ಲೋಹ. ಯುದ್ಧದ ಸಾಮಗ್ರಿಗಳಿಗೆ ನಿಕ್ಕಲ್ ಬೇಕಾದಾಗ 1942ರ ಅಕ್ಟೋಬರ್‌ನಿಂದ 1945ರವರೆಗೆ ಆ ಲೋಹವನ್ನು ಬಿಟ್ಟು, 56 ಪಾಲು ತಾಮ್ರ, 35 ಪಾಲು ಬೆಳ್ಳಿ, 9 ಪಾಲು ಮ್ಯಾಂಗನೀಸ್ ಬೆರೆಸಿ ಟಂಕಿಸಿದರು. ಮುಂದೆ ಇವನ್ನು ಸುಲಭವಾಗಿ ಆರಿಸಿ ತೆಗೆಯಲೆಂದು ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡ ಅಕ್ಷರದಲ್ಲಿ ಟಂಕಸಾಲೆಯ ಗುರುತು ಹಾಕಿದರು. ಫಿಲಡೆಲ್ಫಿಯ ತನ್ನ ನಾಣ್ಯಕ್ಕೆ ‘ಪಿ’ ಎಂಬ ಗುರುತು ಹಾಕಿಕೊಂಡದ್ದು ಅದೇ ಮೊದಲು. ನಿಮ್ಮ ಮೂರೂ 1943ರವು, ಹೀಗಾಗಿ ಒಂದೊಂದರಲ್ಲೂ 0.0563 ಔನ್ಸ್ ಬೆಳ್ಳಿ ಇದೆ. ಮ್ಯಾಂಗನೀಸಿನ ದೆಸೆಯಿಂದ ಅವು ಕೊಳಕು ಕಪ್ಪಾಗುತ್ತವೆ, ಅದು ಅವುಗಳ ಸ್ವಭಾವ.

ಬೂದುಬಣ್ಣದ ಸೆಂಟ್ ಉಕ್ಕಿನದು. ಗುಂಡುಗಳ ಕವಚಕ್ಕೆ ತಾಮ್ರ ಬೇಕಾಗಿ 1943ರಲ್ಲಿ ಸತುವಿನ ಲೇಪವಿರುವ ಉಕ್ಕಿನ ಸೆಂಟ್ ಬಂತು. ಮೂರು ಟಂಕಸಾಲೆಗಳಿಂದ ಸುಮಾರು 109 ಕೋಟಿ. ಅಯಸ್ಕಾಂತಕ್ಕೆ ಅಂಟುತ್ತದೆ, ಮಗಳಿಗೆ ತೋರಿಸಿ. ಬೆಲೆ ಅಷ್ಟಕ್ಕಷ್ಟೇ. ಅಪರೂಪವಾದದ್ದು ಇದರ ತಿರುವು: ಹಿಂದಿನ ವರ್ಷದ ತಾಮ್ರದ ಬಿಲ್ಲೆಗಳು ಕೆಲವು ಯಂತ್ರದಲ್ಲಿ ಉಳಿದುಕೊಂಡು 1943ರ ಅಚ್ಚಿಗೆ ಸಿಕ್ಕಿದವು. ಅಂಥ ತಾಮ್ರದ 1943ರ ಸೆಂಟ್‌ಗಳು ಬೆರಳೆಣಿಕೆಯಷ್ಟೇ ಇವೆ, ಲಕ್ಷ ಡಾಲರ್ ದಾಟಿ ಮಾರಾಟವಾದದ್ದೂ ಉಂಟು. ನಿಮ್ಮ ಸೀಸೆಯಲ್ಲಿ 1943ರ ಕೆಂಪು ಸೆಂಟ್ ಕಂಡರೆ ಮೊದಲು ಅಯಸ್ಕಾಂತ ಹಿಡಿಯಿರಿ; ಅಂಟಿದರೆ ಉಕ್ಕಿಗೆ ತಾಮ್ರ ಬಳಿದದ್ದು. ಅಂಟದಿದ್ದರೆ ಕೊನೆಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಿ. 1948ರ 8ನ್ನು ಅರ್ಧ ಕೆರೆದು 3 ಮಾಡುವುದು ಹಳೆಯ ಮೋಸ.

ಅದೇ ಸೀಸೆಯಲ್ಲಿ ಹುಡುಕಬೇಕಾದ ಎರಡು ನಾಣ್ಯಗಳೆಂದರೆ 1909ರ ‘ಎಸ್’ ಗುರುತಿನದು ಮತ್ತು 1914ರ ‘ಡಿ’ (ಡೆನ್ವರ್ ಟಂಕಸಾಲೆಯ) ಗುರುತಿನದು. ಮೊದಲನೆಯದರ ಹಿಂಬದಿಯ ಬುಡದಲ್ಲಿ ವಿನ್ಯಾಸಕಾರ ವಿಕ್ಟರ್ ಡೇವಿಡ್ ಬ್ರೆನರ್ ಅವರ ‘ವಿಡಿಬಿ’ ಎಂಬ ಮೂರು ಪುಟ್ಟ ಅಕ್ಷರಗಳಿದ್ದರೆ ಅದು 4,84,000 ಮಾತ್ರ ತಯಾರಾದ ನಾಣ್ಯ. ಗುರುತು ಇಸವಿಯ ಕೆಳಗೆ ಇರುತ್ತದೆ. ಉಳಿದವನ್ನು ಕರಗಿಸಿ ತಾಮ್ರ ಮಾರುವ ಆಲೋಚನೆ ಬೇಡ. ಸೆಂಟ್‌ಗಳನ್ನು ಕರಗಿಸುವುದು ಅಮೆರಿಕದಲ್ಲಿ 2006ರ ಕೊನೆಯಿಂದ ಅಪರಾಧ.

ಇನ್ನು ದೊಡ್ಡ ಡಾಲರ್‌ಗಳಿಗೆ ಬರೋಣ. ಇಲ್ಲಿ ನನಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತದೆ, ಏಕೆಂದರೆ ನಿಮ್ಮ 1921ರ ಡಾಲರಿಗೂ ಅತ್ತೆಯವರ ಊರಿಗೂ ನಂಟಿದೆ.

ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರ ವಿನ್ಯಾಸ ಮಾಡಿದ ಈ ಮಾದರಿಯ ಡಾಲರ್ (ಮಾರ್ಗನ್ ಡಾಲರ್, ನಿಮ್ಮ 1881ರದೂ ಇದೇ) ಮೊದಲು 1878ರಿಂದ 1904ರವರೆಗೆ ತಯಾರಾಯಿತು. ಪಶ್ಚಿಮದ ಗಣಿಗಳ ಬೆಳ್ಳಿಯನ್ನು ಸರ್ಕಾರ ಕೊಳ್ಳಲೇಬೇಕೆಂಬ ಕಾನೂನಿದ್ದುದರಿಂದ ಜನರಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಟಂಕಿಸಿ ಚೀಲ ಕಟ್ಟಿ ಖಜಾನೆಯಲ್ಲಿ ಪೇರಿಸಿಟ್ಟರು. ಮೊದಲನೇ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರ ಭಾರತದಲ್ಲಿ ಸೈನಿಕರಿಗೂ ಸರಕಿಗೂ ಬೆಳ್ಳಿಯ ರೂಪಾಯಿಯಲ್ಲಿ ಹಣ ಕೊಡಬೇಕಿತ್ತು. ಜನರು ರೂಪಾಯಿಯನ್ನು ಮನೆಯಲ್ಲಿ ಹೂತಿಡುತ್ತಿದ್ದರು, ಕಾಗದದ ನೋಟು ಹಿಡಿದು ಬಂದು ಬೆಳ್ಳಿ ಕೊಡಿ ಎನ್ನುತ್ತಿದ್ದರು. 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹೊರಬಂದದ್ದು ಬೆಳ್ಳಿಯ ಈ ಕೊರತೆಯಿಂದಲೇ. 1918ರ ವಸಂತದ ಹೊತ್ತಿಗೆ ಸರ್ಕಾರದ ಬೆಳ್ಳಿಯ ದಾಸ್ತಾನು ಬರಿದಾಗುವ ಸ್ಥಿತಿಗೆ ಬಂದಿತ್ತು. ನೋಟಿಗೆ ಬೆಳ್ಳಿ ಕೊಡಲಾಗದಿದ್ದರೆ ಯುದ್ಧದ ನಡುವೆ ಭಾರತದ ಹಣಕಾಸಿನ ವ್ಯವಸ್ಥೆಯೇ ಕುಸಿಯುತ್ತಿತ್ತು.

ಬ್ರಿಟನ್ ಅಮೆರಿಕದ ಬಾಗಿಲು ತಟ್ಟಿತು. ಆಗ ಅಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದವರು ಲಾರ್ಡ್ ರೀಡಿಂಗ್, ಮುಂದೆ 1921ರಲ್ಲಿ ಭಾರತದ ವೈಸ್‌ರಾಯ್ ಆದವರು. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾಯ್ದೆ ಜಾರಿಯಾಯಿತು. ನೆವಾಡದ ಸೆನೆಟರ್ ಕೀ ಪಿಟ್‌ಮನ್ ತಂದ ಕಾಯ್ದೆ ಅದು: 35 ಕೋಟಿ ಡಾಲರ್‌ಗಳವರೆಗೆ ಕರಗಿಸಿ, ಔನ್ಸಿಗೆ 1 ಡಾಲರಿಗೆ ಕಡಿಮೆಯಿಲ್ಲದಂತೆ ಬೆಳ್ಳಿಯನ್ನು ಮಾರಬಹುದು. ಕೊನೆಗೆ ಕರಗಿದ ಡಾಲರ್‌ಗಳು 27 ಕೋಟಿ 2 ಲಕ್ಷ 32 ಸಾವಿರ 722. ಅವುಗಳಲ್ಲಿ 25 ಕೋಟಿ 91 ಲಕ್ಷದಷ್ಟರ ಬೆಳ್ಳಿ ಗಟ್ಟಿಗಳಾಗಿ ಭಾರತಕ್ಕೆ ಹೋಗಿ ರೂಪಾಯಿಯಾಯಿತು. ಲೆಕ್ಕ ಹಾಕಿದರೆ 20 ಕೋಟಿ ಔನ್ಸ್ ಬೆಳ್ಳಿ. ನಮ್ಮ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್‌ನ ಮುಖವಿರುವ 1918, 1919ರ ರೂಪಾಯಿಗಳಿವೆ, ಲಕ್ಷ್ಮೀಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ಆ ವರ್ಷಗಳ ರೂಪಾಯಿಗಳಿಗೆ ಸೇರಿದ ಬೆಳ್ಳಿಯಲ್ಲಿ ಮಾರ್ಗನ್ ಡಾಲರಿನ ಬೆಳ್ಳಿಯೂ ಇದೆ.

ಈಗ ಕಾಯ್ದೆಯ ಇನ್ನೊಂದು ಅರ್ಧ. ಕರಗಿಸಿದಷ್ಟೂ ಡಾಲರ್‌ಗಳನ್ನು ಅಮೆರಿಕದ ಗಣಿಗಳ ಬೆಳ್ಳಿ ಕೊಂಡು ಮತ್ತೆ ಟಂಕಿಸಬೇಕು ಎಂದು ಅದು ಹೇಳಿತ್ತು. ಹೀಗಾಗಿ 1904ರಲ್ಲಿ ನಿಂತುಹೋಗಿದ್ದ ಡಾಲರ್ 1921ರಲ್ಲಿ ಮರಳಿ ಬಂತು. ಹಳೆಯ ಮೂಲ ಅಚ್ಚುಗಳನ್ನು ಆ ಮೊದಲೇ ನಾಶಮಾಡಿದ್ದರಿಂದ ಮಾರ್ಗನ್ ಹೊಸದಾಗಿ ತಯಾರಿಸಿದರು. ನಿಮ್ಮ 1881ರ ಡಾಲರನ್ನು 1921ರದರ ಪಕ್ಕ ಇಟ್ಟು ನೋಡಿದರೆ ಹೊಸದರ ಉಬ್ಬು ಕಡಿಮೆ, ಕೂದಲಿನ ಕೆತ್ತನೆ ಚಪ್ಪಟೆ ಎಂಬುದು ತಿಳಿಯುತ್ತದೆ. ಆ ಒಂದೇ ವರ್ಷದಲ್ಲಿ ಮೂರು ಟಂಕಸಾಲೆಗಳು 8 ಕೋಟಿ 67 ಲಕ್ಷ ಮಾರ್ಗನ್ ಡಾಲರ್‌ಗಳನ್ನು ತಯಾರಿಸಿದವು. ವರ್ಷದ ಕೊನೆಯಲ್ಲಿ ಶಾಂತಿಯ ಸ್ಮಾರಕವಾದ ಪೀಸ್ ಡಾಲರ್ ಬಂತು. ಅತ್ತೆಯವರು ತೊಳೆದ 1922ರದು ಅದರ ಬಳಗದ್ದು. ಅಂದರೆ ನಿಮ್ಮ ಡಬ್ಬಿಯ ಮೂರರಲ್ಲಿ ಎರಡು ಡಾಲರ್‌ಗಳು, ಭಾರತಕ್ಕೆ ಹೋದ ಬೆಳ್ಳಿಯ ಜಾಗ ತುಂಬಲು ಹುಟ್ಟಿದವು.

ಬೆಲೆಯ ವಿಷಯಕ್ಕೆ ಇದರಿಂದ ಬಹಳ ದೊಡ್ಡ ಪರಿಣಾಮವಾಯಿತು. 27 ಕೋಟಿ ನಾಣ್ಯ ಕರಗಿಸುವಾಗ ಯಾವ ಇಸವಿಯದು ಎಷ್ಟು, ಯಾವ ಟಂಕಸಾಲೆಯದು ಎಷ್ಟು ಎಂದು ಯಾರೂ ಬರೆದಿಡಲಿಲ್ಲ. ಆದ್ದರಿಂದ ಎಷ್ಟು ತಯಾರಾಯಿತೆಂಬ ಸರ್ಕಾರಿ ಅಂಕಿಯನ್ನು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗುವುದಿಲ್ಲ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಡಾಲರ್‌ಗಳು ಬಹುತೇಕ ಕರಗಿಹೋಗಿವೆ ಎಂದೇ ಎಲ್ಲರೂ ನಂಬಿದ್ದರು. 1962ರಲ್ಲಿ ಹೊಸದರಂತಿದ್ದ ಒಂದಕ್ಕೆ ಬೆಲೆಪಟ್ಟಿಯಲ್ಲಿ 1,500 ಡಾಲರ್ ಇತ್ತು. ಅದೇ ವರ್ಷದ ಕೊನೆಯಲ್ಲಿ ಖಜಾನೆಯ ನೆಲಮಾಳಿಗೆಯಿಂದ ಬಿಚ್ಚದ ಚೀಲಗಳು ಹೊರಬಂದವು, ಒಂದೊಂದು ಚೀಲದಲ್ಲೂ ಸಾವಿರ. ಕೆಲವೇ ತಿಂಗಳಲ್ಲಿ ಬೆಲೆ ಹತ್ತಾರು ಡಾಲರಿಗೆ ಇಳಿಯಿತು. ನಾಣ್ಯ ಅದೇ, ಬೆಳ್ಳಿ ಅದೇ, ಹೊಳಪೂ ಅದೇ.

ನಿಮ್ಮ 1881ರ ‘ಎಸ್’ ಡಾಲರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಯಾರಾದ 1 ಕೋಟಿ 27 ಲಕ್ಷದಲ್ಲೊಂದು. ಅದರಲ್ಲೂ ಬಹಳಷ್ಟು ಚೀಲದಲ್ಲೇ ಉಳಿದು ಹೊಸದರಂತೆ ಹೊರಬಂದವು, ಹೀಗಾಗಿ ಅಪರೂಪವಲ್ಲ. ಆದರೆ ಸುಂದರವಾದ ಟಂಕಕ್ಕೆ ಈ ವರ್ಷದ ಸ್ಯಾನ್ ಫ್ರಾನ್ಸಿಸ್ಕೋ ಹೆಸರುವಾಸಿ. ಕಿವಿಯ ಮೇಲಿನ ಕೂದಲನ್ನೂ ಹಿಂಬದಿಯ ಹದ್ದಿನ ಎದೆಯನ್ನೂ ನೋಡಿ, ಸವೆತ ಮೊದಲು ತಾಗುವುದು ಅಲ್ಲಿಗೆ. ಕೂದಲಿನ ಎಳೆಗಳೂ ಎದೆಯ ಗರಿಗಳೂ ಬಿಡಿಬಿಡಿಯಾಗಿ ಕಂಡು, ಗಾಲಿಯ ಹೊಳಪೂ ಸುತ್ತಿದರೆ ಲೋಹದ ಬೆಲೆಗಿಂತ ಚೆನ್ನಾಗಿಯೇ ಹೆಚ್ಚು ಸಿಗುತ್ತದೆ.

ಹದಿನೆರಡು ವರ್ಷ ಚಿಕ್ಕದಾದ 1893ರ ‘ಎಸ್’ ಡಾಲರ್ ಇದ್ದಿದ್ದರೆ ಕತೆಯೇ ಬೇರೆ. ಆ ವರ್ಷ ಅಲ್ಲಿ ತಯಾರಾದದ್ದು 1,00,000 ಮಾತ್ರ. ಚೆನ್ನಾಗಿ ಸವೆದದ್ದಕ್ಕೂ ಸಾವಿರಾರು ಡಾಲರ್. ನಾನು ಸಂಗ್ರಹ ಶುರುಮಾಡಿದ ಕಾಲದಲ್ಲಿ ಒಬ್ಬ ವ್ಯಾಪಾರಿ ಅಂಥದ್ದೊಂದನ್ನು ನನಗೆ ಮಾರಿದ್ದ. ಎರಡು ವರ್ಷ ಅದನ್ನು ಜೋಪಾನ ಮಾಡಿದ್ದೆ. ಹಿರಿಯ ಸಂಗ್ರಾಹಕರೊಬ್ಬರು ಭೂತಗನ್ನಡಿ ಇಟ್ಟು, ‘ಎಸ್’ ಅಕ್ಷರದ ಬುಡದಲ್ಲಿ ಕೂದಲೆಳೆಯಷ್ಟು ಸಂದು ಇರುವುದನ್ನು ತೋರಿಸಿದರು: ಫಿಲಡೆಲ್ಫಿಯದ 1893ಕ್ಕೆ ಬೇರೆ ನಾಣ್ಯದ ಅಕ್ಷರ ತಂದು ಅಂಟಿಸಿದ್ದರು. ನಿಜವಾದ 1893ರ ‘ಎಸ್’ ನಾಣ್ಯಗಳ ಮುಂಬದಿ ಒಂದೇ ಅಚ್ಚಿನಿಂದ ಬಂದದ್ದು. ಆ ಅಚ್ಚಿನಲ್ಲಿದ್ದ ಗೀರಿನಿಂದಾಗಿ ಕಿರೀಟದ ಮೇಲಿನ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ತಲೆಯಲ್ಲಿ ಓರೆಯಾದ ಸಣ್ಣ ಉಬ್ಬುಗೆರೆ ಇರುತ್ತದೆ. ನನ್ನದರಲ್ಲಿ ಇರಲಿಲ್ಲ. ಅಂದಿನಿಂದ ನಾನು ಅಕ್ಷರ ಓದುವ ಮೊದಲು ಅಕ್ಷರದ ಬುಡವನ್ನು ನೋಡುತ್ತೇನೆ.

ನಿಮ್ಮ ಟ್ರೇಡ್ ಡಾಲರನ್ನು ನಾನು ನೋಡಿಲ್ಲ, ಆದರೂ ಅನುಮಾನವಿದೆ. ಚೀನಾದೊಂದಿಗಿನ ವ್ಯಾಪಾರಕ್ಕಾಗಿ 1873ರಿಂದ 1878ರವರೆಗೆ ತಯಾರಾದ ಈ ನಾಣ್ಯದಷ್ಟು ನಕಲಾಗಿರುವ ಅಮೆರಿಕದ ನಾಣ್ಯ ಕಡಿಮೆ. ಪ್ರವಾಸಿ ತಾಣಗಳಲ್ಲಿ ಬುಟ್ಟಿಗಟ್ಟಲೆ ಮಾರುತ್ತಾರೆ. ಪರೀಕ್ಷೆ ಸುಲಭ, ಏಕೆಂದರೆ ಈ ನಾಣ್ಯ ತನ್ನ ತೂಕವನ್ನು ತನ್ನ ಮೈಮೇಲೆಯೇ ಬರೆದುಕೊಂಡಿದೆ: ಹಿಂಬದಿಯಲ್ಲಿ ‘420 ಗ್ರೇನ್ಸ್, 900 ಫೈನ್’ ಎಂದಿರುತ್ತದೆ. 420 ಗ್ರೇನ್ ಎಂದರೆ 27.22 ಗ್ರಾಂ. ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಇಡಿ. 27ರ ಆಸುಪಾಸು ಬರದೆ 20, 22 ಎಂದು ತೋರಿಸಿದರೆ, ಅಥವಾ ಅಯಸ್ಕಾಂತಕ್ಕೆ ಅಂಟಿದರೆ ನಕಲಿ. ತೂಕ ಸರಿಯಾಗಿ ಬಂದರೂ ತೃಪ್ತರಾಗದೆ ತಿಳಿದವರಿಗೆ ತೋರಿಸಿ. ಮೈಮೇಲೆ ಚೀನೀ ಅಕ್ಷರಗಳ ಸಣ್ಣ ಮುದ್ರೆಗಳಿದ್ದರೆ ಗಾಬರಿಯಾಗಬೇಡಿ: ಅಲ್ಲಿನ ವರ್ತಕರು ಬೆಳ್ಳಿಯನ್ನು ಪರೀಕ್ಷಿಸಿ ಒತ್ತಿದ ಗುರುತುಗಳವು, ಅವನ್ನೇ ಹುಡುಕಿ ಕೊಳ್ಳುವವರಿದ್ದಾರೆ.

ಪದಕದ ಚಿನ್ನದ ನಾಣ್ಯ ಎರಡೂವರೆ ಡಾಲರಿನದು. 18 ಮಿಲಿಮೀಟರ್ ಅಗಲ, 4.18 ಗ್ರಾಂ ತೂಕ, ನೂರಕ್ಕೆ 90 ಪಾಲು ಚಿನ್ನ. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ 22 ಕ್ಯಾರೆಟ್‌ಗಿಂತ ಕೊಂಚ ಕಡಿಮೆ, 21.6. ಚೊಕ್ಕ ಚಿನ್ನ 3.76 ಗ್ರಾಂ. ಬೆಲಾ ಲಯನ್ ಪ್ರ್ಯಾಟ್ ರೂಪಿಸಿದ ಇದರ ಚಿತ್ರ ಮೇಲಕ್ಕೆ ಉಬ್ಬಿರುವುದಿಲ್ಲ, ಒಳಕ್ಕೆ ಕೊರೆದಂತಿರುತ್ತದೆ. ತಗ್ಗಿನಲ್ಲಿ ಕೊಳೆ ಕೂತು ರೋಗ ಹರಡುತ್ತದೆ ಎಂದು ಆಗ ದೂರು ಕೂಡ ಬಂದಿತ್ತು. 1911ರಲ್ಲಿ ಫಿಲಡೆಲ್ಫಿಯದಲ್ಲಿ 7 ಲಕ್ಷಕ್ಕೂ ಹೆಚ್ಚು, ಡೆನ್ವರ್‌ನಲ್ಲಿ 55,680 ಮಾತ್ರ ತಯಾರಾದವು. ಹಿಂಬದಿಯಲ್ಲಿ ಹದ್ದು ನಿಂತಿರುವ ಬಾಣಗಳ ತುದಿಯ ಪಕ್ಕ, ಎಡಗಡೆ, ‘ಡಿ’ ಅಕ್ಷರವಿದೆಯೇ ನೋಡಿ. ಇದ್ದರೆ, ಅದು ಅಸಲಿಯೂ ಆಗಿದ್ದರೆ, ಡಬ್ಬಿಯಲ್ಲಿರುವ ಉಳಿದೆಲ್ಲದಕ್ಕಿಂತ ಇದೊಂದೇ ಹೆಚ್ಚು ಬಾಳುತ್ತದೆ.

ಪದಕ ಹೇಗೆ ಕೂರಿಸಿದೆ ಎಂಬುದೂ ಮುಖ್ಯ. ಚೌಕಟ್ಟಿನ ಹಲ್ಲುಗಳು ಹಿಡಿದಿದ್ದರೆ ಅಷ್ಟು ನಷ್ಟವಿಲ್ಲ. ಕೊಂಡಿಯನ್ನು ನಾಣ್ಯಕ್ಕೇ ಬೆಸುಗೆ ಹಾಕಿದ್ದರೆ ಸಂಗ್ರಾಹಕರ ಬೆಲೆ ಬಹುತೇಕ ಹೋದಂತೆ. ನಮ್ಮ ಕಾಸಿನ ಸರಗಳಲ್ಲಿ ಸೇರಿರುವ ಎಷ್ಟೋ ಒಳ್ಳೆಯ ನಾಣ್ಯಗಳಿಗೆ ಹೀಗೇ ಆಗಿದೆ. ನೀವಾಗಿ ಬಿಚ್ಚಲು ಹೋಗಬೇಡಿ.

ನಿಮ್ಮ ಡಬ್ಬಿಯ ಬೆಳ್ಳಿಯನ್ನು ಒಟ್ಟು ಮಾಡಿದೆ. ಕ್ವಾರ್ಟರ್‌ಗಳಲ್ಲಿ ಏಳು 1964ರವರೆಗಿನವು ಎಂದು ಹಿಡಿದರೆ, ಮೂರು ಡಾಲರ್, ಎರಡು ಅರ್ಧ ಡಾಲರ್, ಮೂರು ನಿಕಲ್ ಸೇರಿ 4.26 ಔನ್ಸ್, ಅಂದರೆ ಸುಮಾರು 132 ಗ್ರಾಂ ಚೊಕ್ಕ ಬೆಳ್ಳಿ. ಔನ್ಸಿಗೆ 50 ಡಾಲರ್ ಇದ್ದರೆ 213 ಡಾಲರ್. ಸವೆತಕ್ಕೆ ಸ್ವಲ್ಪ ಕಳೆಯಿರಿ, ಅಂಗಡಿಯವರು ತಮ್ಮ ಲಾಭಕ್ಕೆ ಇನ್ನೂ ಸ್ವಲ್ಪ ಕಳೆಯುತ್ತಾರೆ. ಎರಡು ಮೂರು ನಾಣ್ಯದಂಗಡಿಗಳಲ್ಲಿ ಕೇಳಿ. ಮೊದಲು ಈ ಲೆಕ್ಕ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆಗ ಯಾರೂ ಮುಖಬೆಲೆಯ ಎರಡರಷ್ಟು ಕೊಟ್ಟು ಸಾಗಹಾಕುವುದಿಲ್ಲ.

ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳು ನಾಣ್ಯ ಅಸಲಿಯೇ ಎಂದು ನೋಡಿ, 1ರಿಂದ 70ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಡುತ್ತವೆ. ಅದಕ್ಕೆ ಖರ್ಚಿದೆ. ನಿಮ್ಮದರಲ್ಲಿ ಚಿನ್ನದ ನಾಣ್ಯಕ್ಕೆ ‘ಡಿ’ ಗುರುತಿದ್ದರೆ ಕಳುಹಿಸಿ, 1881ರ ಡಾಲರ್ ನಿಜಕ್ಕೂ ಹೊಸದರಂತಿದ್ದರೆ ಯೋಚಿಸಿ, ಉಳಿದವುಗಳಿಗೆ ಬೇಡ. ಇವನ್ನು ಊರಿಗೆ ಒಯ್ದು ಆಮೇಲೆ ನೋಡೋಣ ಎಂದುಕೊಳ್ಳುವ ಮೊದಲು ಒಂದು ಮಾತು ತಿಳಿದಿರಲಿ: ಭಾರತದ 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಮಹತ್ವವಿರುವ ನಾಣ್ಯ ಪುರಾತನ ವಸ್ತು, ಅದನ್ನು ದೇಶದಿಂದ ಮತ್ತೆ ಹೊರಗೆ ಕಳುಹಿಸುವುದು ಸುಲಭವಲ್ಲ. ಊರಿನ ಬಂಧುಗಳಿಗೂ ಹೇಳಿ: ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಕರೆಗಳು ಮೋಸ. ತನ್ನ ಹೆಸರು ಹೇಳಿಕೊಂಡು ಇಂಥ ವಂಚನೆ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಕೆಲವು ವರ್ಷಗಳಲ್ಲಿ ಅದು ನಾಣ್ಯಕ್ಕೆ ಹಸಿರು ಜಿಡ್ಡು ಹಿಡಿಸುತ್ತದೆ. ನಾಣ್ಯಕ್ಕೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನ ಕರಡಿಗೆಗಳು ಕಡಿಮೆ ಬೆಲೆಗೆ ಸಿಗುತ್ತವೆ.

ನೀವು ಕೇಳದಿದ್ದರೂ ಹೇಳುತ್ತೇನೆ, 1921ರ ಡಾಲರನ್ನು ಮಾರಬೇಡಿ. ಮಾರಿದರೆ ಬರುವುದು ಬೆಳ್ಳಿಯ ಬೆಲೆ, ಮೇಲೆ ಚೂರುಪಾರು. ಅತ್ತೆಯವರ ದಾವಣಗೆರೆಯ ದೇವರ ಪೆಟ್ಟಿಗೆಯಲ್ಲಿ 1918ರ ಅಥವಾ 1919ರ ರೂಪಾಯಿ ಇದ್ದರೆ, ಅವರ ಒಪ್ಪಿಗೆ ಪಡೆದು ಒಂದು ದಿನ ಎರಡನ್ನೂ ಮಗಳ ಅಂಗೈಯಲ್ಲಿ ಅಕ್ಕಪಕ್ಕ ಇಡಿ. ರೂಪಾಯಿಯ ಹಿಂಬದಿಯಲ್ಲಿ ಬುಡದ ಕಮಲದ ಕೆಳಗೆ ಸಾಸಿವೆಗಿಂತ ಚಿಕ್ಕ ಚುಕ್ಕೆಯೊಂದು ಕಂಡರೆ ಅದು ಮುಂಬೈ ಟಂಕಸಾಲೆಯದು, ಚುಕ್ಕೆ ಇಲ್ಲದಿದ್ದರೆ ಕಲ್ಕತ್ತೆಯದು. ಯಾವುದೆಂದು ನನಗೂ ಬರೆದು ತಿಳಿಸಿ.